ತಡವಾಗಿ ಮೂಡಿದ ಅಕ್ಷರ

2020ರ ಲಾಕ್‌ಡೌನ್‌ನಲ್ಲಿ ಕುವೆಂಪುನಗರದ ನಮ್ಮ ಮನೆಯೇ ಮಗಳ ಆಫೀಸಾಯಿತು. ಅವಳ ಮುಂದಿದ್ದುದು ಬರೀ ಪರದೆ. ಕೆಲಸ ಮಾಡುವ ಕಂಪ್ಯೂಟರು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಕೀ ಒತ್ತಿದರೆ ಅಕ್ಷರ ಮೂಡಲು ತಡ. ನಿಧಾನವೆಂದು ಬೈಸಿಕೊಳ್ಳುವವಳು ಮಾತ್ರ ಇವಳು!

‘ಹೊಸ ಲ್ಯಾಪ್‌ಟಾಪ್ ಕೊಡಿಸಲೇನಮ್ಮಾ?’ ಎಂದೆ.

‘ನೀವೇ ಲೆಕ್ಕ ಹಾಕಿ ನೋಡಿ, ಅಪ್ಪಾ.’

ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5. ಅದರ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ 2 ಲಕ್ಷ ಕಿ.ಮೀ. ಹೋಗಿಬರುವ ದಾರಿ 28,000 ಕಿ.ಮೀ. ಎಂದರೂ 0.14 ಸೆಕೆಂಡು. ಯಾವ ಲ್ಯಾಪ್‌ಟಾಪು ತಾನೇ ಅದನ್ನು ತಗ್ಗಿಸೀತು? (ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನಿಗೇ ಹೊಳೆದಿರಲಿಲ್ಲ.)

ಆಮೇಲೆ ಅವಳ ಡೆಸ್ಕ್‌ಟಾಪನ್ನು ಮುಂಬಯಿಗೆ ತಂದರು. ಅಕ್ಷರ ತಟ್ಟನೆ ಮೂಡಿತು. ಫೈಲು ತೆರೆಯಲು ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು. ಫೈಲುಗಳೆಲ್ಲ ಅಮೆರಿಕದಲ್ಲೇ ಉಳಿದಿದ್ದವು! ಅವೂ ಮುಂಬಯಿಗೆ ಬರುವವರೆಗೆ ಬೈಗುಳ ನಿಲ್ಲಲಿಲ್ಲ.