ಕೇಳದೆ ಎತ್ತಬಾರದು

ದಸರಾ ರಜೆಗೆ ಮೊದಲು ಜೈಸಲ್ಮೇರ್‌ಗೆ ಹೋಗೋದು ಅಂತಿತ್ತು. ಕೋಟೆ, ಒಂಟೆ, ಮರಳುದಿಬ್ಬ ಎಲ್ಲ ಯೂಟ್ಯೂಬಲ್ಲಿ ನೋಡಿ ಆಗಿತ್ತು. ಬೇಡ ಅಂದವನು ಅವನೇ. "ಮರಳಲ್ಲಿ ನನ್ನ ಗಾಲಿ ಹೂತ್ಕೊಳ್ಳುತ್ತೆ ಕಣ್ರೋ. ಮಲೆನಾಡಿಗೆ ಹೋಗೋಣ." ಅಲ್ಲಿ ಕೆಸರಿರುತ್ತೆ ಅಂತ ನಮ್ಮ ಮೂವರಿಗೂ ಹೊಳೀಲೇ ಇಲ್ಲ. ನಮ್ಮಲ್ಲೊಬ್ಬನ ಮನೆ ಹೊಸನಗರದ ಹತ್ತಿರವೇ ಇದ್ದರೂ!

ಅವನು ನಮ್ಮ ಕ್ಲಾಸಿನವನು. ಪಿಯುಸಿಯಲ್ಲಿದ್ದಾಗ ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಹುರಿಗೆ ಪೆಟ್ಟಾಯ್ತು, ಆವತ್ತಿಂದ ವೀಲ್‌ಚೇರ್. ಟ್ರಿಪ್‌ಗೆ ಬರೋಕೆ ಅವನು ಹಾಕಿದ್ದು ಒಂದೇ ಷರತ್ತು: "ಕೇಳದೆ ನನ್ನನ್ನ ಯಾರೂ ಎತ್ತಬಾರದು."

ಹೋಂಸ್ಟೇಗಳಿಗೆ ಫೋನ್ ಮಾಡಿದೆವು. ಮೆಟ್ಟಿಲು ಎಷ್ಟಿದೆ ಅಂದ್ರೆ, "ಮೂರೇ ಮೂರು, ಬನ್ನಿ ಮಾರಾಯ್ರೆ, ನಮ್ಮ ಹುಡುಗ್ರು ಎತ್ಕೊಂಡು ಬರ್ತಾರೆ" ಅಂತಿದ್ರು. ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಬಾತ್‌ರೂಮ್ ಬಾಗಿಲು ಎಷ್ಟು ಅಗಲ ಅಂದ ಕೂಡಲೇ ಆ ಕಡೆ ಸುಮ್ಮನಾಗೋರು. ಒಬ್ಬರು ಮಾತ್ರ ಟೇಪ್ ತಂದು ಅಳೆದು ಹೇಳಿದರು, 60 ಸೆಂ.ಮೀ. ಅವನ ಕುರ್ಚಿ 64. ಕೊನೆಗೆ ಹೊಸನಗರದ ಗೆಳೆಯನ ಮನೆಯೇ ಗತಿಯಾಯ್ತು. ಅವರ ಬಚ್ಚಲು ಬಾಗಿಲು ಎರಡೂವರೆ ಅಡಿ.

ಕವಲೇದುರ್ಗ ಲಿಸ್ಟಿಂದ ಹೋಯ್ತು. ಜೋಗದ ಗುಂಡಿಗೆ ಇಳಿಯೋದೂ ಹೋಯ್ತು. ಉಳಿದದ್ದಕ್ಕೆ ಕಾರು.

ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನದ ಮೆಟ್ಟಿಲು ಹತ್ತಿ ನಾವು ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಬಂದೆವು. ಅವನು ಅಷ್ಟರಲ್ಲಿ ನಂದಿ ಮಂಟಪದ ಕಮಾನುಗಳನ್ನೆಲ್ಲ ಸುತ್ತು ಹಾಕಿ ನೋಡಿದ್ದ. ನಮಗೆ ಕಾಣದೇ ಇದ್ದ ಕೆತ್ತನೆಗಳನ್ನ ಬೆರಳು ಮಾಡಿ ತೋರಿಸಿದ.

ತಪ್ಪು ಮಾಡಿದ್ದು ಮಧ್ಯಾಹ್ನ. ಊಟಕ್ಕೆ ನಿಂತ ಹೋಟೆಲಲ್ಲಿ ಎರಡು ಮೆಟ್ಟಿಲು. ಹೊಟ್ಟೆ ಹಸಿದಿತ್ತು, ಜನ ನೋಡ್ತಿದ್ರು. ಏನೂ ಯೋಚಿಸದೆ ಇಬ್ಬರು ಆಚೆಈಚೆ ಹಿಡಿದು ಎತ್ತಿಬಿಟ್ಟೆವು. ಅವನು ಊಟ ಮಾಡಿದ, ಮಾತಾಡ್ಲಿಲ್ಲ. ಅಂಬಾರಗೋಡ್ಲು ಬರೋವರೆಗೂ ಮಾತಾಡ್ಲಿಲ್ಲ.

ಅಲ್ಲಿ ಶರಾವತಿ ಹಿನ್ನೀರಿನ ಮೇಲೆ ಹೊಸ ಸೇತುವೆ, 2025ರ ಜುಲೈ 14ಕ್ಕೆ ಶುರುವಾದದ್ದು, ಸುಮಾರು 2.4 ಕಿ.ಮೀ. ಸಿಗಂದೂರಿಗೆ ಮೊದಲು ಲಾಂಚಲ್ಲೇ ದಾಟಬೇಕಿತ್ತು. ಹೊಸನಗರದವನು ಲಾಂಚ್ ಕತೆ ಹೇಳ್ತಿದ್ದ, ಮುಂದಿನ ತಗಡು ದಡಕ್ಕೆ ಇಳಿಸಿದ್ರೆ ಜೀಪು, ಬಸ್ಸು ಸೀದಾ ಹತ್ತೋವು ಅಂತ. ಹಿಂದಿನ ಸೀಟಿಂದ ಮೊದಲ ಮಾತು ಬಂತು: "ಹಾಗಾದ್ರೆ ಅದಕ್ಕೆ ಮೆಟ್ಟಿಲಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಜೀಪಿಗೆ ದಾರಿ ಮಾಡೋಕೆ ಎಲ್ರಿಗೂ ಬರುತ್ತೆ." ನಾವು ಸಾರಿ ಅಂದೆವು. ಯಾಕೆ ಅಂತ ಅವನೂ ಕೇಳಲಿಲ್ಲ.

ರಾತ್ರಿ ಗೆಳೆಯನ ಮನೆ ಮುಟ್ಟಿದಾಗ ಮಳೆ. ಜಗಲಿ ಅಂಗಳದಿಂದ 45 ಸೆಂ.ಮೀ. ಎತ್ತರ. ಜೀಪಿಗೆ ಅಡಿಕೆ ಮೂಟೆ ಹೇರೋ ಎರಡೂವರೆ ಮೀಟರ್ ಹಲಗೆಯನ್ನ ಅವರಪ್ಪ ಒರಗಿಸಿಟ್ಟಿದ್ದರು. ಅರ್ಧಕ್ಕೆ ಹೋಗಿ ಕುರ್ಚಿ ಹಿಂದಕ್ಕೆ ವಾಲಿತು. 1:12 ಇಳಿಜಾರು ಇರಬೇಕು ಅನ್ನೋ ನಿಯಮ ನಮಗೆ ಗೊತ್ತಿತ್ತು, ಲೆಕ್ಕ ಮಾತ್ರ ಆವಾಗ ಮಾಡಿದೆವು: 5.4 ಮೀಟರ್. ಇಂಜಿನಿಯರಿಂಗ್ ಎರಡನೇ ವರ್ಷ, ದಯವಿಟ್ಟು ನಗಬೇಡಿ. ಇನ್ನೂ ಹಲಗೆ ಬಂದವು, ಮಧ್ಯೆ ಆನಿಕೆಗೆ ಜಂಬಿಟ್ಟಿಗೆ ಕಲ್ಲು, ಜಾರದ ಹಾಗೆ ಮೇಲೆ ಗೋಣಿಚೀಲ ಬಡಿದೆವು. ಅಷ್ಟೂ ಹೊತ್ತು ಅವನು ಕಾರಲ್ಲಿ ಕೂತು ಟಾರ್ಚ್ ಹಿಡಿದು, "ಎಡಗಡೆ ಅಲ್ಲಾಡ್ತಿದೆ, ಇನ್ನೊಂದು ಕಲ್ಲು" ಅಂತಿದ್ದ. ಒಂಬತ್ತೂವರೆಗೆ ತಾನೇ ಗಾಲಿ ತಳ್ಕೊಂಡು ಜಗಲಿ ಹತ್ತಿದ. ಅವರಪ್ಪ "ಮೂಟೆ ಹೇರೋಕೂ ಇದೇ ಒಳ್ಳೇದು ಕಣ್ರೋ, ಹಾಗೇ ಇರಲಿ" ಅಂದರು.

ಬೆಳಿಗ್ಗೆ ನಾವು ಏಳೋ ಮೊದಲೇ ಹಲಗೆ ಮೇಲೆ ಗಾಲಿ ಸದ್ದು. ಅವನು ಅಂಗಳದಲ್ಲಿ ಕಾಫಿ ಕುಡೀತಿದ್ದ, ಗಾಲಿಗೆಲ್ಲ ಕೆಸರು.

ಆಮೇಲೆ ತೀರ್ಥಹಳ್ಳಿ ದಾಟಿ ಕುಪ್ಪಳಿಗೆ ಹೋದೆವು. ಕವಿಮನೆ ಮೆಟ್ಟಿಲ ಹತ್ತಿರ ನಾವು ಮೂವರೂ ಕೈಕಟ್ಟಿ ನಿಂತಿದ್ದೆವು, ಒಬ್ಬರ ಮುಖ ಒಬ್ಬರು ನೋಡ್ಕೊಂಡು. ಅವನು ಬ್ರೇಕ್ ಹಾಕಿದ.

"ಏನ್ರೋ ನಿಂತಿದ್ದೀರಾ, ಎತ್ತಿ. ಫುಟ್‌ರೆಸ್ಟ್ ಹಿಡೀಬೇಡಿ, ಕಳಚ್ಕೊಂಡು ಬರುತ್ತೆ. ಫ್ರೇಮ್ ಹಿಡೀರಿ. ನಾನು ಮೂರು ಅಂದಮೇಲೆ."