ಅನುಭವ: ಇಲ್ಲ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಆರನೆಯ ಅಧ್ಯಾಯ ಸಿಬ್ಬಂದಿ ನೇಮಕದ್ದು. ಯೋಜನೆ, ಸಂಘಟನೆ ಮುಗಿದ ಮೇಲೆ, ನಿರ್ದೇಶನ ಶುರುವಾಗುವ ಮುನ್ನ ಬರುತ್ತದೆ. ಮಾನವ ಸಂಪನ್ಮೂಲ ಎಂಬ ಮಾತನ್ನು ನಮ್ಮ ಕಾಮರ್ಸ್ ಮಕ್ಕಳು ಸರಿಯಾಗಿ ಕೇಳುವುದು ಅಲ್ಲಿಯೇ. ಆಯ್ಕೆ ಪ್ರಕ್ರಿಯೆ ಎಂಬ ಒಂದೇ ತಲೆಬರಹದ ಕೆಳಗೆ ಎಂಟು ಹೆಜ್ಜೆಗಳಿವೆ: ಪ್ರಾಥಮಿಕ ಪರಿಶೀಲನೆ, ಆಯ್ಕೆ ಪರೀಕ್ಷೆ, ಸಂದರ್ಶನ, ಹಿನ್ನೆಲೆಯ ವಿಚಾರಣೆ, ಆಯ್ಕೆಯ ನಿರ್ಧಾರ, ವೈದ್ಯಕೀಯ ತಪಾಸಣೆ, ಕೆಲಸದ ಆಹ್ವಾನ, ಕೊನೆಗೆ ಉದ್ಯೋಗದ ಕರಾರು. ಪಾಯಿಂಟ್ ಹಾಕಿ ಬರೆಯುವವರಿಗೆ ಇಷ್ಟು ಅನುಕೂಲದ ಅಧ್ಯಾಯ ಪುಸ್ತಕದಲ್ಲಿ ಇನ್ನೊಂದಿಲ್ಲ. ಹುಮನಾಬಾದಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಷ್ಟು ಕಾಲವೂ ನನ್ನ ಮಕ್ಕಳು ಇದರಲ್ಲಿ ಪೂರ್ತಿ ಅಂಕ ತೆಗೆದರು. ನಾನು ಸೋತದ್ದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಹಾಗಾಗಿಯೇ ಅದು ಗೊತ್ತಾಗಲು ಇಷ್ಟು ತಡವಾಯಿತು.

ಬಸವಕಲ್ಯಾಣದ ಕಾಲೇಜಿಗೆ ಬಂದ ಮೇಲೆ ನೋಟ್ಸ್ ಹೇಳಿ ಬರೆಸುವುದು ನನಗೇ ಬೇಸರವಾಗಿ, ತರಗತಿಯನ್ನೇ ಕಂಪನಿ ಮಾಡೋಣ ಎಂದು ಹೊರಟೆ. ಬೆಂಗಳೂರಿನ ಒಂದು ಕಾಲ್ಪನಿಕ ಕಂಪನಿ, ಸಹಾಯಕ ವ್ಯವಸ್ಥಾಪಕನ ಹುದ್ದೆ, ನಾನೇ ಬರೆದ ಜಾಹೀರಾತು. ಮುಂದಿನ ಬೆಂಚಿನ ಜಾಣರು ಸಂದರ್ಶಕ ಮಂಡಳಿ, ಉಳಿದವರೆಲ್ಲ ಅಭ್ಯರ್ಥಿಗಳು. ಮಂಡಳಿಯ ಅಧ್ಯಕ್ಷನಿಗೆ ನನ್ನ ಕೋಟು ತೊಡಿಸಿದೆ. ಅಂಕ ಹಾಕಲು ಫಾರಂ ಮಾಡಿ ಜೆರಾಕ್ಸ್ ತೆಗೆಸಿದ್ದೆ. ಮಾತಿನ ಶೈಲಿ, ಉಡುಗೆ, ಆತ್ಮವಿಶ್ವಾಸ, ಅನುಭವ ಎಂದು ನಾಲ್ಕು ಅಂಕಣ. ಈ ಅಂಕಣಗಳನ್ನು ಯಾವ ಪುಸ್ತಕದಿಂದಲೂ ತಂದಿರಲಿಲ್ಲ, ಎಲ್ಲವೂ ನನ್ನ ತಲೆಯೊಳಗೇ ಇದ್ದವು.

ಹಿಂದಿನ ಬೆಂಚಿನ ಒಬ್ಬ ಹುಡುಗ ಬಂದು ಕೂತ. ಮೊದಲ ಪೀರಿಯಡ್ಡಿಗೆ ಸದಾ ತಡ, ಉಗುರಿನ ಸಂದಿಯಲ್ಲಿ ಕರಿ. "ಅನುಭವ ಏನಿದೆ?" ಎಂದು ಅಧ್ಯಕ್ಷ ಕೇಳಿದ. "ಏನಿಲ್ರಿ" ಎಂದ. ಫಾರಮ್ಮಿನಲ್ಲಿ ಅದನ್ನೇ ಬರೆದರು, ಅನುಭವ: ಇಲ್ಲ. ದಖ್ಖನಿ ಉರ್ದು, ಮರಾಠಿ ಬೆರೆತ ಅವನ ಬೀದರ ಕನ್ನಡಕ್ಕೆ ಮಾತಿನ ಶೈಲಿಯಲ್ಲಿ ಹತ್ತಕ್ಕೆ ಎರಡು ಬಿತ್ತು. ನಾನು ತಡೆಯಲಿಲ್ಲ. ತಡೆಯದಿದ್ದುದಷ್ಟೇ ಅಲ್ಲ, ಪ್ರಾಥಮಿಕ ಪರಿಶೀಲನೆಯಲ್ಲೇ ಕೈಬಿಡಬೇಕಾದ ಅಭ್ಯರ್ಥಿ ಹೇಗಿರುತ್ತಾನೆ ಎಂಬುದಕ್ಕೆ ಅವನನ್ನೇ ಉದಾಹರಣೆ ಮಾಡಿ ವಿವರಿಸಿದೆ. ತರಗತಿ ನಕ್ಕಿತು. ಅವನೂ ನಕ್ಕ. ಅವನೇ ನಗುತ್ತಿದ್ದಾನಲ್ಲ ಎಂದು ನಾನು ಮುಂದಿನವರನ್ನು ಕರೆದೆ. ಅವನ ನಂತರ ಬಂದ ಹುಡುಗಿಯೂ ಅನುಭವ ಇಲ್ಲ ಎಂದೇ ಹೇಳಿದಳು. ಅವಳ ತಂದೆಯದು ಅಡತ್ ಅಂಗಡಿ. ತೊಗರಿ, ಸೋಯಾಬೀನ್ ಬರುವ ಸುಗ್ಗಿಯಲ್ಲಿ ಹಮಾಲರ ಲೆಕ್ಕವನ್ನೆಲ್ಲ ಬರೆಯುವವಳು ಅವಳೇ ಎಂದು ಆಮೇಲೆ ತಿಳಿಯಿತು.

ಆ ಪಾಠ ಬಹಳ ಚೆನ್ನಾಗಿ ಆಯಿತು ಎಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡೆ ಕೂಡ.

ನಾನು ಹುಮನಾಬಾದಿನಿಂದಲೇ ಓಡಾಡುತ್ತಿದ್ದೆ. ಹೆದ್ದಾರಿ 65ರಲ್ಲಿ ರಾಜೇಶ್ವರ ದಾಟಿ ಸಸ್ತಾಪುರ ಬಂಗ್ಲಾದವರೆಗೆ ಬಸ್ಸು, ಅಲ್ಲಿಂದ ಊರೊಳಗೆ. ಬಂಗ್ಲಾದ ಹತ್ತಿರ ಲಾರಿ ಗ್ಯಾರೇಜುಗಳ ಸಾಲಿದೆ. ಹೈದರಾಬಾದು, ಸೋಲಾಪುರದ ನಡುವೆ ಓಡುವ ಗಾಡಿಗಳು ಅಲ್ಲಿ ನಿಂತು ರಿಪೇರಿ ಮಾಡಿಸಿಕೊಳ್ಳುತ್ತವೆ. ಒಂದು ದಿನ ಬಸ್ಸಿಗೆ ಕಾಯುತ್ತ ನಿಂತಾಗ ಅದೇ ಹುಡುಗ ಲಾರಿಯೊಂದರ ಕೆಳಗಿಂದ ಎದ್ದು ಬಂದ. ಪಕ್ಕದಲ್ಲಿ ಅವನಿಗಿಂತ ಸಣ್ಣವನೊಬ್ಬ. ಇವನು ಮೊದಲು ತಾನೇ ಜಾಕ್ ಏರಿಸಿ, ಆಕ್ಸಲ್ಲಿನ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು ತೋರಿಸಿದ. ಆಮೇಲೆ ಎಲ್ಲ ಇಳಿಸಿ, "ಈಗ ನೀ ಮಾಡು" ಎಂದ. ಸಣ್ಣವನು ದಿಮ್ಮಿ ಇಡದೆ ಕೆಳಗೆ ನುಗ್ಗಲು ಹೋದಾಗ ಅಂಗಿ ಹಿಡಿದು ಹಿಂದಕ್ಕೆಳೆದ. ಬೈಯಲಿಲ್ಲ. "ಜಾಕ್ ಮ್ಯಾಲ ಭರೋಸಾ ಇಡಬ್ಯಾಡ, ಎಣ್ಣಿ ಸೋರಿದ್ರ ಗಾಡಿ ಕೂಡತದ" ಎಂದು ಕಾರಣ ಹೇಳಿ ಮತ್ತೆ ಮಾಡಿಸಿದ. ಮೂರನೇ ಸಲ ದೂರ ನಿಂತು ಬರೀ ನೋಡಿದ.

ಕೆಲಸದ ಮೇಲಿನ ತರಬೇತಿ ಎಂಬ ಭಾಗವನ್ನು ನಾನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಶಿಶಿಕ್ಷು ತರಬೇತಿ, ಮಾರ್ಗದರ್ಶನ, ಕೆಲಸದ ಬದಲಾವಣೆ, ಇಂಟರ್ನ್‌ಶಿಪ್. ಆ ಪಾಠಕ್ಕೆ ಒಂದು ಉದಾಹರಣೆ ಹೇಳಿ ಎಂದು ಯಾರಾದರೂ ಕೇಳಿದ್ದರೆ ಜಪಾನಿನ ಕಾರಿನ ಕಾರ್ಖಾನೆಯೇ ನನ್ನ ಬಾಯಿಗೆ ಬರುತ್ತಿತ್ತು.

"ಸಂದರ್ಶನದಾಗ ಇದನ್ನ ಯಾಕ ಹೇಳಲಿಲ್ಲೋ ತಮ್ಮಾ?" ಎಂದೆ.

"ನೀವು ಕಂಪನಿ ಅಂದಿದ್ರಿ ಸರ್. ಗ್ಯಾರೇಜ್ ಅಂದಿದ್ರ ಹೇಳ್ತಿದ್ನಿ" ಎಂದ. ಸಿಟ್ಟಿನಿಂದ ಆಡಿದ ಮಾತಲ್ಲ, ಇದ್ದದ್ದನ್ನು ಹೇಳಿದ. ಐದನೇ ಇಯತ್ತೆಯ ರಜೆಯಿಂದಲೂ ಉಸ್ತಾದನ ಹತ್ತಿರ ಬರುತ್ತಿದ್ದನಂತೆ.

(ಆ ಸಣ್ಣ ಹುಡುಗನ ವಯಸ್ಸನ್ನು ನಾನು ಕೇಳಲಿಲ್ಲ. 14 ತುಂಬದವರನ್ನು ಗ್ಯಾರೇಜಿನಲ್ಲಿ ದುಡಿಸುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ ಇನ್ನೂ ಬಿಗಿಯಾಗಿದೆ. ಮಾನವ ಸಂಪನ್ಮೂಲದ ಮೇಷ್ಟರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.)

ಆ ರಾತ್ರಿ ಪುಸ್ತಕ ತೆಗೆದು ಇಡೀ ಅಧ್ಯಾಯವನ್ನು ಮತ್ತೆ ಓದಿದೆ. ಪುಸ್ತಕ ಸುಳ್ಳು ಹೇಳುವುದಿಲ್ಲ. ಹೊರಗಿನಿಂದ ಜನರನ್ನು ತರುವ ಮೂಲಗಳ ಪಟ್ಟಿಯಲ್ಲಿ ಗೇಟಿನ ನೋಟೀಸು ನೋಡಿ ಬರುವ ಬದಲಿ ಕಾರ್ಮಿಕರಿದ್ದಾರೆ, ನೌಕರರ ಶಿಫಾರಸಿದೆ, ಕಾರ್ಮಿಕ ಗುತ್ತಿಗೆದಾರನೂ ಇದ್ದಾನೆ. ಆದರೆ ಗುತ್ತಿಗೆದಾರನ ಮೂಲಕ ಜನ ತರುವುದರಲ್ಲಿ ಇರುವ ತೊಂದರೆ ಏನು ಎಂದರೆ, ಅವನು ಬಿಟ್ಟುಹೋದರೆ ಅವನು ತಂದ ಕೆಲಸಗಾರರೆಲ್ಲ ಅವನ ಹಿಂದೆಯೇ ಹೋಗಿಬಿಡುತ್ತಾರೆ ಎಂದು ಅಲ್ಲಿದೆ. ಈ ಸಾಲನ್ನು ನಾನು ವರ್ಷ ವರ್ಷವೂ ಬರೆಸಿದ್ದೆ. ಇದರಲ್ಲಿ ನಷ್ಟವಾಗುವುದು ಯಾರಿಗೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನಷ್ಟ ಕಂಪನಿಗೆ. ಅಧ್ಯಾಯ ಉದ್ದಕ್ಕೂ ಆರಿಸುವವನ ಕುರ್ಚಿಯಲ್ಲಿ ಕೂತು ಮಾತಾಡುತ್ತದೆ. ನನ್ನ ಎದುರು ಕೂತ ಮಕ್ಕಳಲ್ಲಿ ಹೆಚ್ಚಿನವರು ಆರಿಸಲ್ಪಡುವವರು, ಇಲ್ಲವೇ ಈಗಾಗಲೇ ದುಡಿಯುತ್ತಿರುವವರು.

ಆಗ ಹುಮನಾಬಾದಿನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಎಂಟು ಹೆಜ್ಜೆಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದವನು. ಪಿಯುಸಿ ಮುಗಿಸಿ ಗುತ್ತೇದಾರನೊಬ್ಬನ ಕೈಕೆಳಗೆ ಒಂದು ಕಾರ್ಖಾನೆಗೆ ಸೇರಿದ್ದ. ಕೆಲಸ ಬಿಟ್ಟ ಮೇಲೆ ನನ್ನ ಮನೆಗೆ ಬಂದು, ಪಗಾರದಲ್ಲಿ ಪಿಎಫ್ ಅಂತ ಹಿಡಿಯುತ್ತಿದ್ದರು, ಅದು ಎಲ್ಲಿ ಸಿಗುತ್ತದೆ ಸರ್ ಎಂದು ಕೇಳಿದ್ದ. ನೇಮಕದ ಪತ್ರ ತೋರಿಸು ಎಂದೆ. ಅವನಲ್ಲಿ ಇರಲಿಲ್ಲ. ಪಿಎಫ್ ಖಾತೆಯ ಯುಎಎನ್ ನಂಬರು ಕೇಳಿದೆ. ಹಾಗೆಂದರೇನು ಎಂದ. ಎಂಟನೆಯ ಹೆಜ್ಜೆ ಉದ್ಯೋಗದ ಕರಾರು ಎಂದು ಅವನಿಂದ ಬರೆಸಿದವನು ನಾನು. ಅದು ಕೈಗೆ ಬರದಿದ್ದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ, ಏಕೆಂದರೆ ಅದು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಅಂದು ನಾನೂ ಅವನಿಗೆ ಕಚೇರಿಗೆ ಹೋಗಿ ವಿಚಾರಿಸು ಎಂದು ಹೇಳಿ ಚಹಾ ಕುಡಿಸಿ ಕಳಿಸಿದ್ದೆ.

ತಪ್ಪು ತಿದ್ದಿಕೊಳ್ಳಲು ಹೊರಟವನು ಇನ್ನೊಂದು ಕಡೆ ಜಾರಿದೆ. ಮುಂದಿನ ಅಧ್ಯಾಯ ನಿರ್ದೇಶನದಲ್ಲಿ ಮ್ಯಾಸ್ಲೊ ಬರುತ್ತಾನೆ. ಮನುಷ್ಯನ ಅಗತ್ಯಗಳಿಗೆ ಐದು ಮೆಟ್ಟಿಲು ಕಟ್ಟಿ 1943ರಲ್ಲಿ ಬರೆದವನು. ಬಸವಕಲ್ಯಾಣದಲ್ಲಿ ಕೂತು ಅಮೆರಿಕದವನನ್ನು ಏಕೆ ಹೇಳಬೇಕು, ಕಾಯಕದ ನೆಲ ಇದು, ಇಲ್ಲಿಂದಲೇ ಶುರು ಮಾಡುವೆ ಎಂದುಕೊಂಡು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆ ಹೇಳಿದೆ. ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆರಿಸಿ ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಎಂದ ಕತೆ. ದುಡಿಮೆಯಲ್ಲೇ ತೃಪ್ತಿ, ಸಂಬಳವೇ ಎಲ್ಲ ಅಲ್ಲ ಎಂದು ಭಾವುಕನಾಗಿ ಮುಗಿಸಿದೆ. ಒಬ್ಬ ಹುಡುಗಿ ಎದ್ದು ನಿಂತಳು.

"ಲಕ್ಕಮ್ಮ ವಾಪಸ್ ಕಳಿಸಿದ್ದು ಹೆಚ್ಚಿನ ಅಕ್ಕಿ ಅಲ್ಲೇನ್ರಿ ಸರ್? ಅವತ್ತಿಂದು ಮೊದಲ ಮನಿಗಿ ಬಂದಿತ್ತಲ್ಲ. ನಮ್ಮ ಅವ್ವಗ ಬರಬೇಕಾದ್ದೇ ಬಂದಿಲ್ರಿ."

ಮ್ಯಾಸ್ಲೊನನ್ನೂ ಲಕ್ಕಮ್ಮನನ್ನೂ ನನಗಿಂತ ಸರಿಯಾಗಿ ಓದಿದವಳು ಅವಳು. ಕೂಲಿ ಕೊಡದವನು ಕಾಯಕದ ಮಾತಾಡಿದರೆ ಹೇಗಿರುತ್ತದೋ ನನ್ನ ಪಾಠ ಹಾಗಿತ್ತು. ಶರಣರು ದುಡಿಮೆಗೆ ಕೊಟ್ಟ ಘನತೆಯನ್ನು ನಾನು ಮಾಲೀಕನ ಕೈಗೆ ಕೊಟ್ಟುಬಿಟ್ಟಿದ್ದೆ. ಊರಿನ ಹೆಸರು ಹೇಳಿದ ಮಾತ್ರಕ್ಕೆ ಪಾಠ ಊರಿನದಾಗುವುದಿಲ್ಲ.

ಈಗ ಸಿಬ್ಬಂದಿ ನೇಮಕದ ಅಧ್ಯಾಯಕ್ಕೆ ಬಂದಾಗ ಎಂಟು ಹೆಜ್ಜೆಗಳನ್ನು ಬರೆಸಿ ಅಲ್ಲಿಗೆ ನಿಲ್ಲುವುದಿಲ್ಲ. ಒಂದು ಪಗಾರ ಚೀಟಿ ತರುತ್ತೇನೆ, ಹೆಸರು ಅಳಿಸಿ. ಪಿಎಫ್‌ಗೆ ದುಡಿಯುವವನಿಂದ ಶೇ 12 ಹಿಡಿದರೆ ಮಾಲೀಕನೂ ಅಷ್ಟೇ ಹಾಕಬೇಕು. ಇಎಸ್‌ಐಗೆ ಇವನಿಂದ ಶೇ 0.75, ಅವನಿಂದ ಶೇ 3.25. ಕಾಮರ್ಸ್ ಮಕ್ಕಳಿಗೆ ಇದು ಐದು ನಿಮಿಷದ ಲೆಕ್ಕ. ಗುತ್ತೇದಾರ ಕೂಲಿ ಕೊಡದೆ ಕೈಯೆತ್ತಿದರೆ ಕೊಡುವ ಹೊಣೆ ಕಾರ್ಖಾನೆಯದು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೇ ಬಂದ ಮಾತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ನೇಮಕದ ಪತ್ರ ಎಲ್ಲ ಕಾರ್ಮಿಕರಿಗೂ ಕೊಡಬೇಕೆಂದು ಹೇಳುತ್ತವೆ. ಸರ್ಕಾರಿ ನೌಕರಿಯ ವಿಷಯದಲ್ಲಿ ಮಾತ್ರ ಅವರಿಗೆ ನಾನು ಏನೂ ಹೇಳಬೇಕಾಗಿಲ್ಲ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದವರಿಗೆ ಗ್ರೂಪ್ ಸಿಯಲ್ಲಿ ಶೇ 80, ಡಿಯಲ್ಲಿ ಶೇ 85 ಮೀಸಲು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ಗುತ್ತಿಗೆದಾರನ ಭಾಗಕ್ಕೆ ಈಗ ಹೆಚ್ಚು ಹೊತ್ತು ಬೇಕಾಗುತ್ತದೆ. ತಾಂಡಾಗಳಿಂದ ಬರುವ ಮಕ್ಕಳ ಮನೆಯವರು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತಾರೆ. ಅವರನ್ನು ಕರೆದೊಯ್ಯುವ ಗುತ್ತೇದಾರ, ಅಂದರೆ ಮುಕಾದಮ, ಮುಂಗಡ ಕೊಟ್ಟಿರುತ್ತಾನೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಲೆಕ್ಕ. ಅದರ ದೋಷ ಏನು ಎಂದು ಕೇಳಿದರೆ ಬೋರ್ಡು ಸಾಲುವುದಿಲ್ಲ. ಹೆಂಡತಿಯ ದುಡಿಮೆ ಬೇರೆ ಲೆಕ್ಕಕ್ಕೆ ಬರುವುದಿಲ್ಲ, ಜ್ವರ ಬಂದು ಮಲಗಿದ ದಿನ ಮುಂಗಡದ ಮೇಲೇ ಬೀಳುತ್ತದೆ, ತೀರದಿದ್ದರೆ ಮುಂದಿನ ವರ್ಷವೂ ಅವನ ಟೋಳಿಗೇ ಹೋಗಬೇಕು. ಬಿಟ್ಟುಹೋಗಲು ಆಗದಿರುವುದೇ ಇವರ ಕಷ್ಟ, ಬಿಟ್ಟುಹೋಗುತ್ತಾರೆ ಎಂಬುದು ಪುಸ್ತಕದ ಚಿಂತೆ.

ಬೋರ್ಡ್ ಪರೀಕ್ಷೆಯ ಉತ್ತರಸೂಚಿಯಲ್ಲಿ ಇದಕ್ಕೆಲ್ಲ ಅಂಕ ಇಲ್ಲ. 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಪುಸ್ತಕದ್ದನ್ನೇ ಬರೆಯಿರಿ ಎಂದು ಇಂದಿಗೂ ಹೇಳುತ್ತೇನೆ. ಹೇಳದೆ ಅವರ ಅಂಕ ಕಳೆಯುವ ಹಕ್ಕು ನನಗಿಲ್ಲ. ಉಳಿದ 20 ಆಂತರಿಕ ಅಂಕ, ಅದರಲ್ಲಿ ಪ್ರಾಜೆಕ್ಟೂ ಸೇರಿದೆ. ಮನೆಯ ಅಥವಾ ಓಣಿಯ ಒಬ್ಬರು ಈಗಿನ ಕೆಲಸಕ್ಕೆ ಹೇಗೆ ಸೇರಿದರು ಎಂದು ಅಧ್ಯಾಯದ ತಲೆಬರಹಗಳ ಕೆಳಗೇ ಬರೆದು ತನ್ನಿ ಎನ್ನುತ್ತೇನೆ. ಅಡತ್ ಅಂಗಡಿಗಳ ಹಮಾಲರು, ಪ್ಯಾಕಿಂಗ್ ಕೆಲಸದ ಹೆಂಗಸರು, ಲಾರಿ ಕ್ಲೀನರುಗಳು ಎಲ್ಲ ಬರುತ್ತಾರೆ.

ಹೋದ ಸಲ ಒಬ್ಬಳು ತನ್ನ ತಾಯಿಯ ಕೆಲಸದ ಬಗ್ಗೆ ಬರೆದಳು. ನೇಮಕಾತಿಯ ಮೂಲ: ಪಕ್ಕದ ಮನೆಯವರ ಶಿಫಾರಸು. ಸಂದರ್ಶನ: ನಾಳೆಯಿಂದ ಬರ್ತೀಯೇನು ಎಂದು ಕೇಳಿದರು. ತರಬೇತಿ: ನೋಡಿ ಕಲಿತದ್ದು. ಉದ್ಯೋಗದ ಕರಾರು ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಳು. ಇಲ್ಲದಿದ್ದರೆ ಖಾಲಿ ಬಿಡು ಎಂದೆ. ಅವಳು ಬಿಡಲಿಲ್ಲ, ಸೂಪರ್ವೈಸರನ ಮೊಬೈಲ್ ನಂಬರು ಬರೆದು ತಂದಳು. ಇದೇನಮ್ಮಾ ಎಂದರೆ, "ಫೋನ್ ಬಂದ್ರ ಕೆಲಸ ಐತಿ, ಬರ್ಲಿಲ್ಲಂದ್ರ ಇಲ್ಲ ಸರ್, ಕರಾರು ಇದೇ ಅಲ್ಲೇನ್ರಿ" ಎಂದಳು. ಹತ್ತಕ್ಕೆ ಹತ್ತು ಕೊಟ್ಟು, ನಂಬರನ್ನು ಮಾತ್ರ ಕಾಣದಂತೆ ಹೊಡೆದುಹಾಕಿದೆ.