ಬೆಳಗಿನ ರೈಲು

ಬ್ಯಾಡಗಿಯ ನಮ್ಮ ಶಾಲೆಯಲ್ಲಿ ಮೊನ್ನೆ ಎಂಟನೆಯ ತರಗತಿಯ ಮಕ್ಕಳಿಗೆ, "ಸುನಿಲ್ ಜೋಶಿ ಯಾರು ಗೊತ್ತೇನ್ರೋ?" ಎಂದು ಕೇಳಿದೆ. ಮುಖ ಮುಖ ನೋಡಿಕೊಂಡರು. ಕೊನೆಯ ಬೆಂಚಿನವನೊಬ್ಬ ಎದ್ದು, "ಜಾತಕ ನೋಡೋರೇನ್ರೀ ಟೀಚರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆಲ್ಲೋ ಚುರುಕ್ಕೆಂದಿತು.

ನನ್ನ ವಯಸ್ಸಿನವರಿಗೆ ಆ ಹೆಸರಿನ ಪರಿಚಯ ಬೇಕಿಲ್ಲ. 1970ರಲ್ಲಿ ಗದಗಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ದಿನಾ ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಆಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರಂತೆ. 1996ರಲ್ಲಿ ಅವರು ಭಾರತ ತಂಡ ಸೇರಿದಾಗ ಗದಗ, ಹಾವೇರಿ ಎಲ್ಲವೂ ಧಾರವಾಡ ಜಿಲ್ಲೆಯೇ. "ನಮ್ಮ ಜಿಲ್ಲೆಯ ಹುಡುಗ" ಎಂದು ಹಾವೇರಿಯ ನನ್ನ ತವರಿನಲ್ಲಿ ಎಲ್ಲರೂ ಹಿಗ್ಗಿದರು. ಮರುವರ್ಷ ಜಿಲ್ಲೆ ಒಡೆಯಿತು. ಮನೆಯ ಮಗ ನೆರೆಮನೆಯವನಾದ!

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರುಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತರು. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಎಂಟು ವಿಕೆಟ್, 92 ರನ್. ಆದರೂ 15 ಟೆಸ್ಟುಗಳಿಗೆ ಅವರ ಆಟ ಮುಗಿಯಿತು. ಅದೇ ಕಾಲಕ್ಕೆ ನಮ್ಮ ರಾಜ್ಯದಿಂದಲೇ ಅನಿಲ್ ಕುಂಬ್ಳೆ ಎಂಬ ಆಲದ ಮರ ಬೆಳೆದು ನಿಂತಿತ್ತಲ್ಲ! ಜೋಶಿಯವರು ಕೋಚ್ ಆದರು. 2017ರಲ್ಲಿ ಬಾಂಗ್ಲಾದೇಶದ ಬೌಲರುಗಳಿಗೇ ಸ್ಪಿನ್ ಕಲಿಸಲು ಹೋದರು. ಯಾರನ್ನು ಸೋಲಿಸಿದ್ದರೋ ಅವರಿಗೇ ವಿದ್ಯೆ ಹೇಳುವುದೆಂದರೆ ಸಣ್ಣ ಮಾತೇ?

ಕಲಿಸುವವರ ಕೀರ್ತಿಯೇ ಹಾಗೆ. ಅದು ಇನ್ನೊಬ್ಬರ ಕೈಯಲ್ಲಿರುವ ಚೆಂಡು. ನನ್ನದನ್ನೇ ನೋಡಿ. ಹುಟ್ಟಿದ್ದು ಹಾವೇರಿ, ಕೊಟ್ಟಿದ್ದು ರಾಣೆಬೆನ್ನೂರು, ನೌಕರಿ ಬ್ಯಾಡಗಿ. ಈ ಮೂರು ಸ್ಟೇಷನ್ನುಗಳ ನಡುವೆ ರೈಲು ಹತ್ತಿದರೆ ಯಾರಾದರೊಬ್ಬರು, "ಟೀಚರ್, ಕೂಡ್ರಿ" ಎಂದು ಎದ್ದೇಳುತ್ತಾರೆ. ಹರಿಹರ ದಾಟಿದರೆ ನಾನೂ ನಿಂತೇ ಹೋಗಬೇಕು.

ಒಂದು ಮಾತು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೈಸ್ಕೂಲಿನಲ್ಲಿ ನಾನು ಖೋಖೋ ಚೆನ್ನಾಗಿ ಆಡುತ್ತಿದ್ದೆ. ಅಭ್ಯಾಸಕ್ಕೆ ಹುಬ್ಬಳ್ಳಿಗೆ ಕಳಿಸಿರೆಂದು ಮಾಸ್ತರರು ಮನೆಗೇ ಬಂದು ಕೇಳಿದ್ದರು. "ಬೆಳಗಿನ ರೈಲಿಗೆ ಹೆಣ್ಣು ಹುಡುಗಿ ಒಬ್ಬಳೇ ಹೋಗೋದೇನ್ರೀ?" ಎಂದಳು ಅವ್ವ. ಅಲ್ಲಿಗೆ ಮುಗಿಯಿತು. ಅವ್ವನ ಮೇಲೆ ನನಗೆ ಸಿಟ್ಟಿಲ್ಲ; ಅವಳ ಭಯ ಅವಳದು. ಹೋಗಿದ್ದರೆ ದೊಡ್ಡ ಆಟಗಾರ್ತಿ ಆಗುತ್ತಿದ್ದೆ ಎಂದೂ ಅಲ್ಲ. ಆದರೆ ನನ್ನ ಓರಿಗೆಯ ಹುಡುಗನೊಬ್ಬ ಗದಗಿನಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬರುತ್ತಿದ್ದನೆಂದು ಮುಂದೆ ಓದಿದಾಗ, ಪತ್ರಿಕೆ ಮಡಿಸಿಟ್ಟು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಈ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು ಖೋಖೋದಲ್ಲಿ ಮಿಂಚಿದಳು. ಹಾವೇರಿಗೆ ಅಭ್ಯಾಸಕ್ಕೆ ಕಳಿಸಿರೆಂದರೆ ಅವಳ ಅಪ್ಪನೂ ಥೇಟ್ ಅವ್ವನ ಮಾತೇ ಆಡಿದರು. "ಒಬ್ಬಳೇ ಯಾಕೆ? ನಾನು ಬರತೀನಿ" ಎಂದುಬಿಟ್ಟೆ.

ಈಗ ಭಾನುವಾರ ನಾನು ರಾಣೆಬೆನ್ನೂರಿನಲ್ಲಿ ಹತ್ತುತ್ತೇನೆ, ಅವಳು ಬ್ಯಾಡಗಿಯಲ್ಲಿ. ಹಾವೇರಿ ಬರುವವರೆಗೆ ನನ್ನ ಹೆಗಲಿಗೊರಗಿ ನಿದ್ದೆ ಮಾಡುತ್ತಾಳೆ. ಮುಂದೆ ಅವಳ ಹೆಸರನ್ನು ಎಷ್ಟು ಊರುಗಳು ಬಲ್ಲವೋ, ಯಾವ ಮಕ್ಕಳು ಮರೆಯುವರೋ ಯಾರಿಗೆ ಗೊತ್ತು? ಬೆಳಗಿನ ರೈಲಂತೂ ಅವಳಿಗೆ ತಪ್ಪಲಿಲ್ಲ.